ಕ್ವಾಡ್ ಬೈಕೋ, ಸೈಡ್-ಬೈ-ಸೈಡೋ: ಗೇಟಿನ ಅಳತೆಯಿಂದ ಮೊದಲ ಸರ್ವಿಸ್‌ವರೆಗೆ

ಜಮೀನಿನ ಕೆಲಸಕ್ಕೆಂದು ಕೊಂಡ ಗಾಡಿ ಬಂದಿದೆ, ಮೊದಲ ಸರ್ವಿಸ್ ಕೂಡ ಆಗಿದೆ. ಅಳತೆ, ಲೆಕ್ಕಾಚಾರ, ಓಡಿಸಿ ನೋಡುವುದು, ಕಾಗದಪತ್ರ, ಕಾಯುವುದು ಎಲ್ಲ ಒಂದು ಸುತ್ತು ಮುಗಿದ ಮೇಲೆ ಖಚಿತವಾಗಿ ಹೇಳಬಹುದಾದ ಮಾತು ಒಂದೇ. ಕ್ವಾಡ್ ಬೈಕ್ ಕೊಳ್ಳಬೇಕೋ ಸೈಡ್-ಬೈ-ಸೈಡ್ ಕೊಳ್ಳಬೇಕೋ ಎಂಬುದನ್ನು ಇಂಜಿನ್ನಿನ ಸಿಸಿ ತೀರ್ಮಾನಿಸುವುದಿಲ್ಲ. ಗಾಡಿ ನುಸುಳಬೇಕಾದ ಅತಿ ಇಕ್ಕಟ್ಟಿನ ಜಾಗ, ಒಮ್ಮೆಗೆ ಹೊರಬೇಕಾದ ಭಾರ, ಪಕ್ಕದಲ್ಲಿ ಇನ್ನೊಬ್ಬರು ಕೂರುತ್ತಾರೋ ಇಲ್ಲವೋ ಎನ್ನುವುದು ತೀರ್ಮಾನಿಸುತ್ತದೆ. ಶೋರೂಮಿನಲ್ಲಿ ಮಾತು ಶುರುವಾಗುವುದು ಮಾತ್ರ ಸಿಸಿಯಿಂದ. ಹಾಗಾಗಿ ಅಲ್ಲಿಗೆ ಕಾಲಿಡುವ ಮೊದಲೇ ಮುಗಿಸಿಕೊಳ್ಳಬೇಕಾದ ಕೆಲಸ ಸಾಕಷ್ಟಿದೆ.

ಹೊಸಬರಿಗೆ ಚುಟುಕಾಗಿ ಎರಡರ ಪರಿಚಯ. ಎರಡೂ ರಸ್ತೆಯಿಲ್ಲದ ನೆಲದಲ್ಲಿ ಓಡುವ ನಾಲ್ಕು ಚಕ್ರದ ಗಾಡಿಗಳು. ಕ್ವಾಡ್ ಮೇಲೆ ಬೈಕಿನಂತೆ ಇಬ್ಬದಿಗೆ ಕಾಲು ಹಾಕಿ ಕೂರಬೇಕು. ಹ್ಯಾಂಡಲ್ ಇದೆ, ಆಕ್ಸಿಲರೇಟರ್ ಅನ್ನು ಬಲಗೈ ಹೆಬ್ಬೆರಳಿನಿಂದ ಒತ್ತಬೇಕು, ಸೀಟ್‌ಬೆಲ್ಟ್ ಇಲ್ಲ, ತಲೆಯ ಮೇಲೆ ಚೌಕಟ್ಟೂ ಇಲ್ಲ. ಕೆಲಸಕ್ಕೆ ಬಳಸುವ ದೊಡ್ಡವರ ಕ್ವಾಡ್ ಸಾಮಾನ್ಯವಾಗಿ 250ರಿಂದ 400 ಕೆಜಿ ತೂಗುತ್ತದೆ. ಸೈಡ್-ಬೈ-ಸೈಡ್‌ನಲ್ಲಿ ಅಕ್ಕಪಕ್ಕ ಸೀಟು, ಸ್ಟೀರಿಂಗ್ ಚಕ್ರ, ಕಾಲಿಗೆ ಪೆಡಲ್, ಸೀಟ್‌ಬೆಲ್ಟ್, ಉರುಳಿದರೆ ಕಾಯುವ ಕೊಳವೆ ಚೌಕಟ್ಟು, ಹಿಂದೆ ಸಾಮಾನಿನ ಟ್ರೇ ಇರುತ್ತವೆ. ತೂಕ 500ರಿಂದ 900 ಕೆಜಿ. ಈ ಎರಡನೆಯ ಹೆಸರಿನಡಿ ಎರಡು ಬೇರೆ ಜಾತಿಯ ಗಾಡಿಗಳಿವೆ ಎನ್ನುವುದನ್ನು ಮೊದಲೇ ತಿಳಿದಿರಬೇಕು. 1988ರಲ್ಲಿ ಬಂದ ಕವಾಸಾಕಿ ಮ್ಯೂಲ್ ಕೆಲಸದ ಗಾಡಿ. ಇವತ್ತಿನ ಪೊಲಾರಿಸ್ ರೇಂಜರ್, ಕುಬೋಟಾ ಆರ್‌ಟಿವಿ ಅದೇ ಸಾಲಿನವು. ಪೊಲಾರಿಸ್ ಆರ್‌ಜೆಡ್‌ಆರ್‌ನಂಥವು ಓಟಕ್ಕೆ, ನೆಗೆತಕ್ಕೆ ಮಾಡಿದವು. ಅವುಗಳ ಟ್ರೇ ಹೆಸರಿಗಷ್ಟೇ. ಭಾರ ಹೊರುವ ಉದ್ದೇಶದವರು ಆ ಸಾಲಿನತ್ತ ನೋಡುವ ಅಗತ್ಯವೇ ಇಲ್ಲ.

ಮೊದಲ ಕೆಲಸ ಟೇಪು ಹಿಡಿದು ಅಳೆಯುವುದು. ಗಾಡಿ ಹೋಗಬೇಕಾದ ಪ್ರತಿ ಗೇಟು, ಕಿರುಸೇತುವೆ, ಮರಗಳ ಸಾಲಿನ ನಡುವಿನ ಸಂದು, ಕೊನೆಗೆ ಅದನ್ನು ನಿಲ್ಲಿಸುವ ಶೆಡ್ಡಿನ ಬಾಗಿಲು, ಯಾವುದನ್ನೂ ಬಿಡಬಾರದು. ಕ್ವಾಡ್‌ನ ಅಗಲ ಸುಮಾರು 1.2 ಮೀಟರ್. ಸೈಡ್-ಬೈ-ಸೈಡ್‌ನಲ್ಲಿ ಕಿರಿದಾದದ್ದು 1.27 ಮೀಟರ್ (50 ಇಂಚು), ಕೆಲಸದ ಮಾದರಿಗಳು ಬಹುಪಾಲು 1.5ರಿಂದ 1.63 ಮೀಟರ್, ಓಟದ ಮಾದರಿಗಳಲ್ಲಿ ಕೆಲವು 1.83 ಮೀಟರನ್ನೂ ದಾಟುತ್ತವೆ. ಗೇಟಿನ ಅಗಲ ಎಂದರೆ ಕಂಬದಿಂದ ಕಂಬಕ್ಕಲ್ಲ. ತೆರೆದ ಗೇಟಿನ ಹಲಗೆ, ತಿರುಗಣಿ, ಚಿಲಕ ಎಷ್ಟು ಒಳಕ್ಕೆ ಚಾಚಿವೆಯೋ ಅದನ್ನು ಕಳೆದು ಉಳಿಯುವ ಅಗಲವೇ ಲೆಕ್ಕ. ಅದರಲ್ಲಿ ಎರಡೂ ಬದಿಗೆ ಒಂದೊಂದು ಗೇಣು ಬಿಡಿ. ಕನ್ನಡಿ ಹಾಕಿಸುವುದಿದ್ದರೆ ಅದನ್ನೂ ಸೇರಿಸಿ.

ಎತ್ತರವನ್ನು ಬಹಳ ಮಂದಿ ಮರೆಯುತ್ತಾರೆ. ಸೈಡ್-ಬೈ-ಸೈಡ್‌ನ ಚೌಕಟ್ಟು ನೆಲದಿಂದ 1.9–2 ಮೀಟರ್ ಇರುತ್ತದೆ. ಕ್ವಾಡ್ ಮೇಲೆ ಕೂತವರು ತಲೆ ಬಗ್ಗಿಸಿ ದಾಟುವ ಕೊಂಬೆ ಇದರ ಮಾಡಿಗೆ ಸಿಕ್ಕಿಕೊಳ್ಳುತ್ತದೆ. ತಿರುವುಗಳಿಗೂ ಪರೀಕ್ಷೆ ಇದೆ. ಸುಮಾರು 3 ಮೀಟರ್ ಉದ್ದ, 1.6 ಮೀಟರ್ ಅಗಲದ ಆಯತವನ್ನು ಹಗ್ಗದಲ್ಲಿ ಮಾಡಿ, ಸಾಲಿನ ಕೊನೆಯ ತಿರುವಿನಲ್ಲಿ ಇಬ್ಬರು ಹಿಡಿದು ನಡೆದರೆ ಎಲ್ಲಿ ತಾಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಒಂದು ಇಕ್ಕಟ್ಟಿನ ಜಾಗಕ್ಕಾಗಿ ಸೈಡ್-ಬೈ-ಸೈಡ್ ಕೈಬಿಡುವುದಕ್ಕಿಂತ ಆ ಗೇಟನ್ನೇ ಅಗಲಿಸುವುದು ಅಗ್ಗ. ಆದರೆ ದಾರಿಯುದ್ದಕ್ಕೂ ಇಕ್ಕಟ್ಟೇ ಇದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು, ಕ್ವಾಡ್ ಕೊಳ್ಳಿ.

ಎರಡನೆಯದು ಭಾರದ ಲೆಕ್ಕ. ಕೆಲವು ವಾರ ಪ್ರತಿ ಸುತ್ತಿಗೆ ಏನು ಹೊತ್ತೆವು, ಎಷ್ಟು ಸಲ ಇಳಿದು ಹತ್ತಿದೆವು, ಜೊತೆಗೆ ಯಾರಿದ್ದರು ಎಂದು ಚೀಟಿಯಲ್ಲಿ ಬರೆದಿಟ್ಟರೆ ಸಾಕು, ಉಳಿದದ್ದು ತಾನಾಗಿ ಸ್ಪಷ್ಟವಾಗುತ್ತದೆ. ಸಿಂಪಡಣೆಯ ಟ್ಯಾಂಕನ್ನೇ ತೆಗೆದುಕೊಳ್ಳಿ. 100 ಲೀಟರ್ ಟ್ಯಾಂಕ್ ಎಂದರೆ ನೀರೇ 100 ಕೆಜಿ, ಟ್ಯಾಂಕ್, ಪಂಪು, ಪೈಪು ಸೇರಿ ಇನ್ನೊಂದು 15–20 ಕೆಜಿ. ಮಧ್ಯಮ ಗಾತ್ರದ ಕ್ವಾಡ್‌ಗಳ ಹಿಂದಿನ ಕ್ಯಾರಿಯರ್ ಮಿತಿ 60ರಿಂದ 90 ಕೆಜಿ, ಮುಂದಿನದು 30ರಿಂದ 45. ಅಂದರೆ ಆ ಟ್ಯಾಂಕ್ ತುಂಬಿದ ಕೂಡಲೇ ಮಿತಿ ದಾಟಿತು. ಇನ್ನೊಂದು ಮಿತಿಯೂ ಇದೆ. ಸವಾರ, ಸಾಮಾನು, ಸೇರಿಸಿದ ಬಿಡಿಭಾಗ ಎಲ್ಲ ಕೂಡಿ ಎಷ್ಟು ಎನ್ನುವ ಒಟ್ಟು ಮಿತಿ. ಹಲವು ಕ್ವಾಡ್‌ಗಳಲ್ಲಿ ಅದು 220 ಕೆಜಿ ಆಸುಪಾಸು. 80 ಕೆಜಿಯ ಸವಾರ, 20–25 ಕೆಜಿಯ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ) ಮತ್ತು ಬಂಪರ್ ಕಳೆದರೆ ಸಾಮಾನಿಗೆ ಉಳಿಯುವುದು 115–120 ಕೆಜಿ. ದ್ರವದ ವಿಷಯದಲ್ಲಿ ತೂಕಕ್ಕಿಂತ ಕೆಟ್ಟದ್ದು ಅದರ ಓಲಾಟ. ಅರ್ಧ ತುಂಬಿದ ಟ್ಯಾಂಕಿನ ನೀರು ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಕೆಳಬದಿಗೆ ನುಗ್ಗುತ್ತದೆ, ಅದೂ ಎತ್ತರದ ಕ್ಯಾರಿಯರ್ ಮೇಲೆ. ಒಳಗೆ ತಡೆಗೋಡೆಗಳಿರುವ ಟ್ಯಾಂಕನ್ನೇ ಕೇಳಿ.

ಸೈಡ್-ಬೈ-ಸೈಡ್‌ನ ಟ್ರೇ ಮಿತಿ ಮಾದರಿಗೆ ತಕ್ಕಂತೆ 250ರಿಂದ 450 ಕೆಜಿ. ಇಲ್ಲೂ ಒಂದು ಎಡವಟ್ಟಿದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಟ್ರೇ ಮಿತಿ. ಕೂತವರನ್ನೂ ಸೇರಿಸಿದ ಒಟ್ಟು ಮಿತಿ ಕೈಪಿಡಿಯ ಒಳಪುಟದಲ್ಲಿರುತ್ತದೆ. ಇಬ್ಬರು ದಪ್ಪಗಿನವರು ಕೂತರೆ ಟ್ರೇಗೆ ಪೂರ್ತಿ ಭಾರ ಹಾಕಲು ಆಗದಿರಬಹುದು. ಎಳೆಯುವ ಭಾರಕ್ಕೆ ಬಂದರೆ ಕ್ವಾಡ್‌ಗೆ 400ರಿಂದ 600 ಕೆಜಿ, ದೊಡ್ಡ ಸೈಡ್-ಬೈ-ಸೈಡ್‌ಗೆ 900ರಿಂದ 1,100 ಕೆಜಿ ಎಂದು ಬರೆದಿರುತ್ತಾರೆ. ಅದು ಸಮತಟ್ಟಾದ ನೆಲದ ಲೆಕ್ಕ. ಇಳಿಜಾರಿನಲ್ಲಿ ಬ್ರೇಕಿಲ್ಲದ ಟ್ರೇಲರ್ ಹಗುರವಾದ ಕ್ವಾಡನ್ನು ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ. ಕೊಕ್ಕೆಯ ಮೇಲೆ ಬೀಳುವ ಭಾರ ಟ್ರೇಲರ್ ತೂಕದ ಹತ್ತರಲ್ಲೊಂದು ಪಾಲು ಇರುವಂತೆ ಸಾಮಾನು ಜೋಡಿಸಬೇಕು.

ಸುರಕ್ಷತೆಯ ಬಗ್ಗೆ ನಿಧಾನವಾಗಿ ಓದಿ, ಏಕೆಂದರೆ ಇಲ್ಲಿ ಎರಡೂ ಗಾಡಿಗಳ ಸ್ವಭಾವವೇ ಬೇರೆ. ಕ್ವಾಡನ್ನು ಸಮತೋಲದಲ್ಲಿಡುವುದು ಸವಾರನ ದೇಹ. ತಿರುವಿನಲ್ಲಿ ಒಳಕ್ಕೆ, ಏರಿನಲ್ಲಿ ಮುಂದಕ್ಕೆ, ಇಳಿತದಲ್ಲಿ ಹಿಂದಕ್ಕೆ, ಅಡ್ಡ ಇಳಿಜಾರಿನಲ್ಲಿ ಮೇಲ್ಬದಿಗೆ ಮೈ ಸರಿಯುತ್ತಲೇ ಇರಬೇಕು. ಸೊಂಟ, ಮಂಡಿ ಸರಿಯಿಲ್ಲದವರಿಗೆ, ದಿನದ ಕೊನೆಗೆ ದಣಿದವರಿಗೆ ಇದು ಆಗುವುದಿಲ್ಲ. ಹಿಂದೆ ಇನ್ನೊಬ್ಬರನ್ನು ಕೂರಿಸಿದರೆ ಸವಾರನಿಗೆ ಸರಿಯಲು ಜಾಗವೇ ಇರುವುದಿಲ್ಲ. ಉದ್ದನೆಯ ಸೀಟು ಇಬ್ಬರಿಗೆಂದಲ್ಲ, ಒಬ್ಬನೇ ಹಿಂದೆ ಮುಂದೆ ಸರಿಯಲೆಂದು. ಇಬ್ಬರಿಗಾಗಿಯೇ ಚಕ್ರಗಳ ಅಂತರ ಹೆಚ್ಚಿಸಿ, ಹಿಂದೆ ಒರಗು ಮತ್ತು ಹಿಡಿಕೆ ಕೊಟ್ಟ ಮಾದರಿಗಳು ಬೇರೆಯೇ ಇವೆ. ಏರಿನಲ್ಲಿ ಕ್ವಾಡ್ ಸೋತು ನಿಂತರೆ ಮೈ ಮುಂದಕ್ಕೆ ಬಾಗಿಸಿ ಬ್ರೇಕ್ ಹಿಡಿದು, ಪಾರ್ಕಿಂಗ್ ಬ್ರೇಕ್ ಹಾಕಿ, ಮೇಲ್ಬದಿಗೆ ಇಳಿಯಬೇಕು. ಹಿಂದಕ್ಕೆ ಉರುಳುತ್ತಿರುವಾಗ ಹಿಂದಿನ ಬ್ರೇಕನ್ನಷ್ಟೇ ಒತ್ತಿದರೆ ಮುಂಭಾಗ ಎದ್ದು ಗಾಡಿ ಸವಾರನ ಮೇಲೆ ಮಗುಚಬಹುದು.

ಆಸ್ಟ್ರೇಲಿಯಾ ಈ ಉರುಳುವಿಕೆಯನ್ನು ಗಂಭೀರವಾಗಿ ತೆಗೆದುಕೊಂಡ ದೇಶ. ಅಲ್ಲಿ 2019ರಲ್ಲಿ ಕ್ವಾಡ್‌ಗಳಿಗೆಂದೇ ಸುರಕ್ಷತಾ ಮಾನದಂಡ ತಂದು, 2021ರ ಅಕ್ಟೋಬರ್‌ನಿಂದ ಕೆಲಸದ ಹೊಸ ಕ್ವಾಡ್‌ಗಳಿಗೆ ಸವಾರನನ್ನು ಜಜ್ಜದಂತೆ ಕಾಯುವ ಹಿಂಬದಿಯ ಕಮಾನು ಮತ್ತು ಕನಿಷ್ಠ ಸ್ಥಿರತೆಯನ್ನು ಕಡ್ಡಾಯ ಮಾಡಿದರು. ಪಕ್ಕಕ್ಕೆ ವಾಲಿಸುವ ಪರೀಕ್ಷೆಯಲ್ಲಿ 28.8 ಡಿಗ್ರಿವರೆಗೂ ಗಾಡಿ ಎರಡು ಚಕ್ರದ ಮೇಲೆ ನಿಲ್ಲಬಾರದು ಎನ್ನುವುದು ಷರತ್ತು. ಅಂದರೆ 100 ಸೆಂಮೀ ಅಗಲಕ್ಕೆ 55 ಸೆಂಮೀ ಏರು. ಹೋಂಡಾ, ಯಮಾಹಾದಂಥ ದೊಡ್ಡ ಕಂಪನಿಗಳು ಅಲ್ಲಿ ಕೆಲಸದ ಕ್ವಾಡ್ ಮಾರುವುದನ್ನೇ ನಿಲ್ಲಿಸಿದವು. ಈ 28.8 ನಿಂತ ಗಾಡಿಯ ಸಂಖ್ಯೆ ಎಂಬುದು ನೆನಪಿರಲಿ. ಓಡುವಾಗ ಮೇಲಿನ ಚಕ್ರ ಕಲ್ಲು ಹತ್ತಿ, ಕೆಳಗಿನದು ಗುಂಡಿಗಿಳಿದರೆ ಅದರ ಅರ್ಧ ಇಳಿಜಾರಿನಲ್ಲೇ ಉರುಳಲು ಸಾಧ್ಯ. ಮೊಬೈಲಿನ ಕೋನ ಅಳೆಯುವ ಆಪ್ ಅನ್ನು ಉದ್ದನೆಯ ಹಲಗೆಯ ಮೇಲಿಟ್ಟು ನಿಮ್ಮ ಅತಿ ಕಡಿದಾದ ದಾರಿಯನ್ನು ಅಳೆದುಕೊಳ್ಳಿ.

ಸೈಡ್-ಬೈ-ಸೈಡ್‌ನಲ್ಲಿ ಕಾಯುವುದು ಚೌಕಟ್ಟು ಮತ್ತು ಸೀಟ್‌ಬೆಲ್ಟ್ ಜೋಡಿ. ಬೆಲ್ಟ್ ಹಾಕದಿದ್ದರೆ ಚೌಕಟ್ಟೇ ವೈರಿ. ಹೊರಗೆ ಎಸೆಯಲ್ಪಟ್ಟವರ ಮೇಲೆ ಬೀಳುವುದು ಅದೇ. ಉರುಳುವಾಗ ಕೈ ಹೊರಚಾಚಿ ನೆಲ ಒತ್ತಲು, ಕೊಳವೆ ಹಿಡಿಯಲು ಕೈ ತಾನಾಗಿ ಹೋಗುತ್ತದೆ. ಬದಿಯ ಬಲೆ ಅಥವಾ ಅರೆಬಾಗಿಲು ಇರುವುದು ಅದನ್ನು ತಡೆಯಲೆಂದೇ, ಧೂಳಿಗಲ್ಲ. ಹತ್ತಿ ಇಳಿಯಲು ಅಡ್ಡವಾಗುತ್ತದೆಂದು ಬಿಚ್ಚಿಡುವ ಅಭ್ಯಾಸ ದಯವಿಟ್ಟು ಬೇಡ. ಪಕ್ಕದಲ್ಲಿ ಕೂರುವವರ ಬೆನ್ನು ಸೀಟಿಗೆ ಒರಗಿದಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಕೈಗೆ ಹಿಡಿಕೆ ಎಟುಕಬೇಕು. ಎಟುಕದ ಮಕ್ಕಳನ್ನು ಕೂರಿಸುವಂತಿಲ್ಲ. ದೊಡ್ಡವರ ಕ್ವಾಡ್ ಮೇಲೆ 16 ವರ್ಷದೊಳಗಿನವರು ಸವಾರಿ ಮಾಡಬಾರದು ಎಂದು ಕಂಪನಿಗಳು ಗಾಡಿಯ ಮೇಲೇ ಅಂಟಿಸಿರುತ್ತವೆ. ಹೆಲ್ಮೆಟ್ ಎರಡಕ್ಕೂ ಬೇಕು.

ಇಷ್ಟು ಕೈಯಲ್ಲಿಟ್ಟುಕೊಂಡು ಓಡಿಸಿ ನೋಡಲು ಹೋಗಬೇಕು. ಶೋರೂಮಿನ ಕಾಂಕ್ರೀಟ್ ಅಂಗಳದಲ್ಲಿ ಎರಡು ಸುತ್ತು ಹೊಡೆಸಿ ಕಳಿಸಲು ನೋಡುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಏರು, ಇಳಿತ, ಕೆಸರು ಇರುವ ಜಾಗ, ಟ್ರೇಯಲ್ಲಿ ಒಂದಷ್ಟು ಭಾರ, ಇಷ್ಟಕ್ಕಾಗಿ ಸಂಕೋಚವಿಲ್ಲದೆ ಹಟ ಹಿಡಿಯಿರಿ. ಕ್ವಾಡ್‌ನಲ್ಲಿ ಅರ್ಧ ಗಂಟೆಯಾದ ಮೇಲೆ ಹೆಬ್ಬೆರಳಿನ ಬುಡ ನೋಯುತ್ತದೆಯೋ, ಪವರ್ ಸ್ಟೀರಿಂಗ್ ಇಲ್ಲದ ಮಾದರಿ ಕಲ್ಲು ತಾಗಿದಾಗ ಮಣಿಕಟ್ಟಿಗೆ ಹೊಡೆಯುತ್ತದೆಯೋ ಗಮನಿಸಬೇಕು. ಸೈಡ್-ಬೈ-ಸೈಡ್‌ನಲ್ಲಿ ಸೀಟಿನ ಕೆಳಗಿನ ಇಂಜಿನ್ ತೊಡೆಗೆ ಎಷ್ಟು ಬಿಸಿ ಕೊಡುತ್ತದೆ, ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತದೆಯೇ, ಬಾನೆಟ್ಟಿನ ಆಚೆ ನೆಲ ಎಷ್ಟು ದೂರದಿಂದ ಕಾಣುತ್ತದೆ ಎಂದು ನೋಡಬೇಕು. ಇಳಿತದಲ್ಲಿ ಲೋ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಡಿ. ಇಂಜಿನ್ ಹಿಡಿದುಕೊಳ್ಳುತ್ತದೋ, ಗಾಡಿ ತನ್ನಷ್ಟಕ್ಕೆ ಜಾರುತ್ತದೋ ಎಂಬುದೇ ಗುಡ್ಡದ ದಾರಿಯವರಿಗೆ ದೊಡ್ಡ ಪ್ರಶ್ನೆ. ಬೇಲಿ ಸುತ್ತುವಂಥ ಕೆಲಸದಲ್ಲಿ ಕ್ವಾಡ್ ಸ್ಪಷ್ಟವಾಗಿ ಮೇಲು, ಕಾಲೆತ್ತಿದರೆ ಇಳಿದಂತೆ. ಸೈಡ್-ಬೈ-ಸೈಡ್‌ನಲ್ಲಿ ಬಲೆ ಬಿಚ್ಚು, ಬೆಲ್ಟ್ ಬಿಚ್ಚು, ಮತ್ತೆ ಹಾಕು. ನಮ್ಮ ಚೀಟಿಯಲ್ಲಿ ಸಿಂಪಡಣೆಯ ಟ್ಯಾಂಕ್ ಮತ್ತು ಜೊತೆಯ ಇನ್ನೊಬ್ಬರು ದಿನವೂ ಬರುತ್ತಿದ್ದುದರಿಂದ, ಗೇಟುಗಳ ಅಳತೆಯೂ ಒಪ್ಪಿದ್ದರಿಂದ, ಕೆಲಸದ ಸಾಲಿನ ಸೈಡ್-ಬೈ-ಸೈಡ್ ಎಂದು ನಿಶ್ಚಯವಾಯಿತು. ಒಬ್ಬರೇ ಓಡಾಡುವವರಾಗಿದ್ದರೆ ಉತ್ತರ ಕ್ವಾಡ್ ಆಗುತ್ತಿತ್ತು.

ಗೇರಿನ ವ್ಯವಸ್ಥೆ ಕೇಳದೆ ಮುಂಗಡ ಕೊಡಬೇಡಿ. ಬಹುಪಾಲು ಗಾಡಿಗಳಲ್ಲಿ ಎರಡು ಪುಲ್ಲಿಗಳ ನಡುವೆ ರಬ್ಬರ್ ಬೆಲ್ಟ್ ಓಡುವ ಸಿವಿಟಿ ಇದೆ. ಓಡಿಸಲು ಸುಲಭ, ಆದರೆ ಭಾರ ಹೊತ್ತು ಹೈ ಗೇರಿನಲ್ಲಿ ನಿಧಾನ ತೆವಳಿದರೆ ಬೆಲ್ಟ್ ಜಾರಿ, ಕಾದು, ಸುಟ್ಟ ವಾಸನೆ ಬರುತ್ತದೆ. ಗಂಟೆಗೆ 10–11 ಕಿಮೀಗಿಂತ ಕಡಿಮೆ ವೇಗದ ಕೆಲಸಕ್ಕೆ, ಏರಿಗೆ, ಟ್ರೇಲರ್‌ಗೆ ಲೋ ಗೇರ್ ಕಡ್ಡಾಯ ಎಂದೇ ತಿಳಿಯಿರಿ. ಹೋಂಡಾದ ಸೈಡ್-ಬೈ-ಸೈಡ್ ಪಯೋನಿಯರ್ 1000 ಬೆಲ್ಟಿಲ್ಲದೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬಳಸುತ್ತದೆ. ಹಿಂದಿನ ಡಿಫರೆನ್ಷಿಯಲ್ (ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಬೀಗ ಬಿಡಿಸುವ ಸ್ವಿಚ್ ಇದೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಒಳಚಕ್ರ ಹುಲ್ಲು ಕಿತ್ತುಹಾಕುತ್ತದೆ, ತಿರುವೂ ದೊಡ್ಡದಾಗುತ್ತದೆ.

ಹಳೆಯ ಗಾಡಿ ನೋಡುವವರು ಇಂಜಿನ್ ಸದ್ದಿಗೆ ಮರುಳಾಗದೆ ಮೊದಲು ಏರ್‌ಬಾಕ್ಸ್ (ಗಾಳಿಯ ಫಿಲ್ಟರ್ ಇರುವ ಪೆಟ್ಟಿಗೆ) ತೆಗೆಸಿ. ಫಿಲ್ಟರ್ ಕಳಚಿ, ಅದರ ಆಚೆ, ಇಂಜಿನ್ ಕಡೆಗೆ ಹೋಗುವ ಕೊಳವೆಯ ಒಳಗೋಡೆಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಎಣ್ಣೆಯ ಜಿಡ್ಡಷ್ಟೇ ಬಂದರೆ ಸರಿ. ಬಟ್ಟೆ ಕಂದಾಗಿ, ಬೆರಳ ನಡುವೆ ಉಜ್ಜಿದಾಗ ನವಿರಾದ ಮರಳು ಸಿಕ್ಕರೆ ಧೂಳು ಫಿಲ್ಟರ್ ದಾಟಿ ಸಿಲಿಂಡರಿಗೆ ಹೋಗಿದೆ, ಪಿಸ್ಟನ್ ರಿಂಗು ಸವೆದಿವೆ ಎಂದರ್ಥ. ಬೆಲೆ ಎಷ್ಟೇ ಇಳಿಸಲಿ, ಬಿಟ್ಟು ಬನ್ನಿ. ಇಂಜಿನ್ ಅಥವಾ ಡಿಫರೆನ್ಷಿಯಲ್ ಎಣ್ಣೆ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಚಕ್ರ ನೆಲದಿಂದ ಎತ್ತಿಸಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್, ಬಾಲ್ ಜಾಯಿಂಟ್ ಸಡಿಲ ತಿಳಿಯುತ್ತದೆ. ಆಕ್ಸಲ್ಲಿನ ರಬ್ಬರ್ ಬೂಟು ಹರಿದಿದೆಯೇ ನೋಡಿ. ಮೀಟರಿನ ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ. ಅದು 10ರ ಸುಮಾರು ಇದ್ದರೆ ಕೆಲಸದ ಗಾಡಿ, 25 ದಾಟಿದ್ದರೆ ಜೋರಾಗಿ ಓಡಿಸಿದ್ದಾರೆ.

ಖರ್ಚಿನ ಮಾತು. ಒಂದೇ ಕಂಪನಿಯ ಕೆಲಸದ ಮಾದರಿಗಳನ್ನು ಪಕ್ಕಪಕ್ಕ ಇಟ್ಟರೆ ಸೈಡ್-ಬೈ-ಸೈಡ್ ಸಾಮಾನ್ಯವಾಗಿ ಕ್ವಾಡ್‌ನ ಒಂದೂವರೆ ಪಟ್ಟಿಗಿಂತ ಮೇಲೆಯೇ ನಿಲ್ಲುತ್ತದೆ. ಅದಕ್ಕಿಂತ ಸಿಟ್ಟು ತರಿಸುವುದು, ಚಿತ್ರದಲ್ಲಿ ಕಾಣುವ ಮಾಡು, ಗಾಜು, ಕನ್ನಡಿ, ವಿಂಚ್ ಹಲವು ಮಾದರಿಗಳಲ್ಲಿ ಬೆಲೆಯೊಳಗೆ ಇಲ್ಲದಿರುವುದು. ಬರಹದಲ್ಲಿ ಒಂದೊಂದಾಗಿ ಕೇಳಿ ಪಡೆಯಿರಿ. ಮುಂದಿನ ಗಾಜನ್ನು ಪೂರ್ತಿ ಹಾಕಿಸಿ ಹಿಂಬದಿ ಖಾಲಿ ಬಿಟ್ಟರೆ ಗಾಳಿ ಹಿಂದಿನಿಂದ ಸುತ್ತಿ ಧೂಳನ್ನೆಲ್ಲ ಒಳಗೆ ಎಳೆದು ತರುತ್ತದೆ. ಅರ್ಧ ಗಾಜು ಹಾಕಿಸಿ, ಇಲ್ಲವೇ ಹಿಂದಿನ ಪರದೆಯನ್ನೂ ಸೇರಿಸಿ. ವಿಂಚ್‌ನ ಶಕ್ತಿ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟಾದರೂ ಇರಲಿ. ಎಲ್ಲಕ್ಕಿಂತ ದೊಡ್ಡ ಅಡಗಿದ ಖರ್ಚು ಸಾಗಣೆ. ಕ್ವಾಡ್ ಪಿಕಪ್‌ನ ಹಿಂಬದಿಯಲ್ಲೇ ಹೋಗುತ್ತದೆ, ಸೈಡ್-ಬೈ-ಸೈಡ್‌ಗೆ ಬಹುತೇಕ ಟ್ರೇಲರ್ ಬೇಕು.

ಕಾಗದಪತ್ರದಲ್ಲಿ ಮೊದಲು ಕೇಳಬೇಕಾದ್ದು, ಇದು ರಸ್ತೆಗಿಳಿಯುವ ಗಾಡಿಯೋ, ರಸ್ತೆಯಾಚೆಗೆ ಮಾತ್ರವೋ ಎಂಬುದು. ನಿಯಮ ದೇಶದಿಂದ ದೇಶಕ್ಕೆ ಬೇರೆ. ಯುರೋಪಿನಲ್ಲಿ ಇಂಥ ಹಲವು ಗಾಡಿಗಳು ಎಲ್7ಇ ಎಂಬ ಭಾರಿ ಕ್ವಾಡ್ ವರ್ಗದಲ್ಲೋ ಟ್ರ್ಯಾಕ್ಟರಿನ ಟಿ ವರ್ಗದಲ್ಲೋ ಅನುಮೋದನೆ ಪಡೆದು ಬರುತ್ತವೆ. ಉಳಿದೆಡೆ ಬಹಳಷ್ಟಕ್ಕೆ ರಸ್ತೆಯ ಅನುಮತಿಯೇ ಇರುವುದಿಲ್ಲ. ರಸ್ತೆ ದಾಟಿ ಆಚೆ ಜಮೀನಿಗೆ ಹೋಗಬೇಕಾದವರು ಇದನ್ನು ಮುಂಗಡಕ್ಕೆ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಬೇಕು. ರಸೀದಿಯ ಮೇಲಿನ 17 ಅಕ್ಷರ-ಅಂಕಿಯ ಚಾಸಿ ಸಂಖ್ಯೆಯನ್ನು ಚೌಕಟ್ಟಿನ ಮೇಲೆ ಕೊರೆದದ್ದರ ಜೊತೆ ಒಂದೊಂದಾಗಿ ತಾಳೆ ನೋಡಿ. ಒಂದು ಅಕ್ಷರ ತಪ್ಪಿದರೂ ವಿಮೆ, ವಾರಂಟಿ ಎರಡೂ ತೊಡಕಿಗೆ ಸಿಲುಕುತ್ತವೆ. ವಿಮೆಯಲ್ಲಿ ಪಕ್ಕದ ಪ್ರಯಾಣಿಕರು, ಕೂಲಿಗೆ ಓಡಿಸುವವರು, ಟ್ರೇಲರ್ ಸೇರುತ್ತವೆಯೇ ಎಂದು ಕೇಳಿ. ವಾಣಿಜ್ಯ ಬಳಕೆ ಎಂದಾದರೆ ವಾರಂಟಿ ಅವಧಿ ಮೊಟಕಾಗುವ ಷರತ್ತೂ ಇರುವುದುಂಟು.

ಆಮೇಲೆ ಕಾಯುವುದು. ಗಾಡಿಗಿಂತ ಬಿಡಿಭಾಗ ತಡವಾಗುತ್ತದೆ. ಮಾಡು ಬಂದರೆ ಅದರ ಕ್ಲಾಂಪು ಬಂದಿರುವುದಿಲ್ಲ. ಎಲ್ಲ ಮುಗಿಯಿತೆಂದು ನಿಟ್ಟುಸಿರು ಬಿಟ್ಟ ಮೇಲಿನ ಈ ಕಾಯುವಿಕೆಯೇ ಹೆಚ್ಚು ದಣಿಸುವಂಥದ್ದು. ಬದಿಯ ಬಲೆ, ಸೀಟ್‌ಬೆಲ್ಟ್, ಕನ್ನಡಿಯಂಥ ಸುರಕ್ಷತೆಯ ಭಾಗ ಇಲ್ಲದೆ ಗಾಡಿ ಒಯ್ಯಬೇಡಿ, ಉಳಿದವಕ್ಕೆ ಬಾಕಿ ಪಟ್ಟಿ ಬರೆಸಿಕೊಂಡು ಸಹಿ ಹಾಕಿಸಿ.

ಈ ಗಾಡಿಗಳು ಕಾರ್ಖಾನೆಯಿಂದ ಕಬ್ಬಿಣದ ಪೆಟ್ಟಿಗೆಯಲ್ಲಿ ಬಂದು ಶೋರೂಮಿನಲ್ಲಿ ಜೋಡಣೆಯಾಗುವುದು ಸಾಮಾನ್ಯ. ಅಂದರೆ ಚಕ್ರ, ಹ್ಯಾಂಡಲ್ ಅಥವಾ ಚೌಕಟ್ಟು ಬಿಗಿದದ್ದು ಅಲ್ಲಿನ ಕೈ. ಒಪ್ಪಿಕೊಳ್ಳುವ ದಿನ ಚಕ್ರದ ನಟ್, ಸ್ಟೀರಿಂಗ್ ಜೋಡಣೆ, ಚೌಕಟ್ಟಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿ ಎಂದು ತೋರಿಸುವ ಪಾನಾ) ಎದುರಲ್ಲೇ ನೋಡಿಸಿ. ಟೈರಿನಲ್ಲಿ ಸಾಗಣೆಗಾಗಿ ಹೆಚ್ಚು ಗಾಳಿ ಉಳಿದಿರುವುದುಂಟು. ಕ್ವಾಡ್‌ಗೆ ಬೇಕಾದ್ದು 5–7 ಪಿಎಸ್‌ಐ, ಸೈಡ್-ಬೈ-ಸೈಡ್‌ಗೆ ಸಾಮಾನ್ಯವಾಗಿ 10–14. ಕಾರಿನ ಗೇಜು 5 ಪಿಎಸ್‌ಐ ಆಸುಪಾಸಿನಲ್ಲಿ ನಂಬಲರ್ಹವಲ್ಲ. ಕಡಿಮೆ ಒತ್ತಡದ ಗೇಜು ಬೇರೆಯೇ ಕೊಳ್ಳಿ, ಏಕೆಂದರೆ ಎಡಬಲದಲ್ಲಿ 1 ಪಿಎಸ್‌ಐ ವ್ಯತ್ಯಾಸವಾದರೂ ಕ್ವಾಡ್ ಒಂದು ಕಡೆಗೆ ಎಳೆಯುತ್ತದೆ.

ಶುರುವಿನ ಗಂಟೆಗಳಲ್ಲಿ ಒಂದೇ ವೇಗದಲ್ಲಿ ಓಡಿಸದೆ ಏರಿಸಿ ಇಳಿಸಿ ಓಡಿಸಬೇಕು, ಪೂರ್ತಿ ಆಕ್ಸಿಲರೇಟರ್ ಬೇಡ, ಪೂರ್ತಿ ಭಾರವೂ ಬೇಡ. ಇಂಜಿನ್ನಿಗಷ್ಟೇ ಅಲ್ಲ, ಬೆಲ್ಟ್ ಪುಲ್ಲಿಗೆ ಹೊಂದಿಕೊಳ್ಳುವುದಕ್ಕೂ ಈ ಅವಧಿ ಬೇಕು. ಮೊದಲ ಸರ್ವಿಸ್ ಬಹುಪಾಲು ಮಾದರಿಗಳಿಗೆ 20–25 ಗಂಟೆಗೆ. ಅದು ಕಿಲೋಮೀಟರಿನಲ್ಲಿ ತೀರ ಕಡಿಮೆ ಕಾಣುವುದರಿಂದ ತಪ್ಪಿಹೋಗುತ್ತದೆ, ಗಂಟೆಯ ಮೀಟರ್ ನೋಡುತ್ತಿರಿ. ಇಂಜಿನ್ ಎಣ್ಣೆ, ಫಿಲ್ಟರ್ ಜೊತೆಗೆ ಡಿಫರೆನ್ಷಿಯಲ್ ಎಣ್ಣೆಯನ್ನೂ ನೋಡಿಸಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದುಬಣ್ಣದ ನಯವಾದ ಲೇಪ ಅಂಟಿದ್ದರೆ ಗಾಬರಿ ಬೇಡ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅಲ್ಲೇ ನಿಲ್ಲಿಸಿ ಕೇಳಿ.

ನೀರು ದಾಟುವವರು ಸಿವಿಟಿಗೆ ಗಾಳಿ ಎಳೆಯುವ ಕೊಳವೆಯ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ಸರ್ವಿಸ್‌ಗೆ ಬಿಟ್ಟಾಗಲೇ ತೋರಿಸಿಕೊಳ್ಳಿ. ಒಳಗೆ ನೀರು ಹೋಗಿ ಬೆಲ್ಟ್ ಜಾರತೊಡಗಿದರೆ ಸಿವಿಟಿ ಮುಚ್ಚಳದ ಕೆಳಗಿನ ಡ್ರೈನ್ ಬಿರಡೆ ತೆಗೆದು ನೀರು ಸುರಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ವೇಗ ಏರಿಳಿಸಿ ಒಣಗಿಸಬೇಕು. ಸೀಟಿನ ಕೆಳಗೆ ಕಂಪನಿಯದೇ ಒಂದು ಹೆಚ್ಚುವರಿ ಬೆಲ್ಟ್ ಮತ್ತು ಮುಚ್ಚಳದ ಬೋಲ್ಟಿಗೆ ಹೊಂದುವ ಪಾನಾ ಇಟ್ಟುಕೊಳ್ಳಿ. ಬೆಲ್ಟ್ ತುಂಡಾದರೆ ಹೊಸದನ್ನು ಹಾಕುವ ಮೊದಲು ಮುಚ್ಚಳದೊಳಗಿನ ದಾರದ ಎಳೆ, ರಬ್ಬರ್ ಚೂರುಗಳನ್ನೆಲ್ಲ ಆರಿಸಿ ತೆಗೆದು, ಗಾಳಿ ಹೊರಹೋಗುವ ಕೊಳವೆಯನ್ನೂ ನೋಡಬೇಕು. ಅಲ್ಲಿ ಸಿಕ್ಕಿಕೊಂಡ ಚೂರು ಗಾಳಿ ತಡೆದು ಹೊಸ ಬೆಲ್ಟನ್ನೂ ಕಾಯಿಸುತ್ತದೆ.